ಲವಂಗದೆಣ್ಣೆಯೂ ಮಾವನ ಮೂಗೂ

ಅಕ್ಟೋಬರ್ ೬

ಈ ಡೈರಿ ಟಯರ್ ಸಾಹುಕಾರರು ಕೊಟ್ಟಿದ್ದು. ಪ್ರತಿ ಪುಟದ ಮೂಲೆಯಲ್ಲೂ ಒಂದು ಟಯರು ಉರುಳುತ್ತಿದೆ. ವರ್ಷದ ಮೊದಲಿಗೆ ಕೊಟ್ಟಾಗ ಕಪಾಟಿನ ಮೇಲೆ ಎಸೆದು ಮರೆತಿದ್ದೆ. ಇವತ್ತು ಕೆಳಗಿಳಿಸಿದ್ದು ಏಕೆಂದರೆ ಅದೇ ಮನುಷ್ಯ ಅಳತೆ ಟೇಪು ಹಿಡಿದು ಬಂದು ಮಾವನ ಗೋದಾಮಿನ ಗೋಡೆಗಳನ್ನೆಲ್ಲ ಅಳೆದುಕೊಂಡು ಹೋದರು. ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು. ನನ್ನ ಗಂಡ ಲಾರಿ ಹತ್ತಿ ದೂರದ ಲೋಡಿಗೆ ಹೋಗಿದ್ದಾರೆ. ಫೋನ್ ಮಾಡಿದರೆ ಅವರ ಮಾತಿಗಿಂತ ಇಂಜಿನ್ನಿನ ಸದ್ದೇ ಹೆಚ್ಚು. ಮಾವನಿಗೆ ಹೇಳೋಣವೆಂದರೆ, ಸಾಹುಕಾರರನ್ನು ಕರೆಸಿದವರೇ ಮಾವ.

ಹೋದ ಚಳಿಗಾಲ ಗೋದಾಮಿನಲ್ಲಿಟ್ಟ ಸೇಬಿನಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿದು ಹೋಯಿತು. ಮಾವ ಮೊದಲಿನಿಂದಲೂ ಮಾಡುವಂತೆ ಬೂಷ್ಟು ತಡೆಯುವ ಬಿಳಿ ಪುಡಿ ಕಲಸಿದ ನೀರಿನಲ್ಲಿ ಅದ್ದಿಯೇ ಇಟ್ಟಿದ್ದೆವು. ಏನೂ ಉಪಯೋಗವಾಗಲಿಲ್ಲ. ಪೆಟ್ಟಿಗೆ ತೆರೆದರೆ ಹಣ್ಣಿನ ಮೇಲೆ ನೀಲಿ ಉಣ್ಣೆಯ ಟೊಪ್ಪಿಗೆ. ಆಮೇಲಿಂದ ಮಾವನ ಮುಖದ ಗಂಟು ಸಡಿಲಾಗಿಲ್ಲ. ಈಗ ಸಾಹುಕಾರರಿಗೆ ಮಾತು ಕೊಟ್ಟಿದ್ದಾರೆ. ಈ ಸಲವೂ ಹಾಗೇ ಆದರೆ ಮಾರ್ಚಿಯಿಂದ ಗೋದಾಮಿನಲ್ಲಿ ಟಯರು.

ಧೈರ್ಯ ಮಾಡಿ ಕೇಳಿದೆ: "ಮಾವ, ಈ ಸೀಸನ್ ಒಂದು ನನಗೆ ಬಿಡಿ. ಏನಾದರೂ ಬೇರೆ ದಾರಿ ಹುಡುಕ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಕು. ಹಿಂದಿನ ಕೋಣೆ ಮಾತ್ರ ನಿನಗೆ. ದೊಡ್ಡ ಕೋಣೆ ಮುಟ್ಟಬೇಡ."

ಮುಟ್ಟುವುದಿಲ್ಲ ಅಂದೆ. ಆ ಗೋದಾಮೆಂದರೆ ನನಗೆ ಇಷ್ಟ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತಣ್ಣಗೆ, ಸಿಹಿಯಾಗಿ ಮುಖಕ್ಕೆ ಬಡಿಯುವ ಆ ವಾಸನೆ ಬೇರೆಲ್ಲೂ ಸಿಗುವುದಿಲ್ಲ. ಅಲ್ಲಿ ರಬ್ಬರಿನ ವಾಸನೆ ಬರುವುದನ್ನು ನೆನೆದರೆ ಅಳು ಬರುತ್ತದೆ.

ಅಕ್ಟೋಬರ್ ೧೧

ಬೂಷ್ಟು ಹಿಡಿದ ಸೇಬೊಂದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮೊನ್ನೆ ಹಣ್ಣಿನ ಸಂಶೋಧನಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿಯ ಮೇಡಂ ಇವತ್ತು ತಾವೇ ಬಂದರು. ಜೀವನವಿಡೀ ಬೂಷ್ಟನ್ನೇ ಓದಿದವರಂತೆ. ನನ್ನ ಡಬ್ಬಿ ತೆರೆದಾಗ ಆ ದಿನ ಅವರು "ಅಯ್ಯೋ, ಎಷ್ಟು ಚೆನ್ನಾಗಿ ಬೆಳೆದಿದೆ!" ಎಂದಿದ್ದರು. ಆ ಡಬ್ಬಿಯಲ್ಲಿ ಇನ್ನು ಊಟ ಮಾಡುವುದು ಹೇಗೆಂದು ನಾನು ಯೋಚಿಸುತ್ತಿದ್ದೆ. ಮಾವ ಕಂಡ ಕೂಡಲೇ ಅವರಿಗೆ ಬೂಷ್ಟು ಮೇಡಂ ಎಂದು ಹೆಸರಿಟ್ಟಿದ್ದಾರೆ.

ಮೇಡಂ ಹೇಳಿದ್ದು ಇಷ್ಟು. ಬೂಷ್ಟಿಗೆ ನಮ್ಮ ಬಿಳಿ ಪುಡಿ ಅಭ್ಯಾಸವಾಗಿಬಿಟ್ಟಿದೆ, ಈಗ ಅದರಲ್ಲಿ ಅದ್ದಿದರೂ ಅದಕ್ಕೆ ಸ್ನಾನ ಮಾಡಿದಷ್ಟೇ ಸುಖ. ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಎಣ್ಣೆಗಳಿವೆ; ಲವಂಗ, ದಾಲ್ಚಿನ್ನಿ, ನಿಂಬೆಹುಲ್ಲು. ಅವುಗಳ ಆವಿ ಕೋಣೆಯಲ್ಲಿ ತೆಳ್ಳಗೆ ತುಂಬಿದ್ದರೆ ಬೂಷ್ಟಿನ ಬೀಜ ಮೊಳೆಯುವುದಿಲ್ಲ. ಆದರೆ ಈಗಾಗಲೇ ಕೊಳೆತದ್ದನ್ನು ಅದು ವಾಸಿ ಮಾಡದು. ಹಣ್ಣಿಗೆ ಗಾಯವಾಗದಂತೆ ನೋಡಿಕೊಳ್ಳಬೇಕು, ಕೆಟ್ಟದ್ದನ್ನು ಆರಿಸಿ ತೆಗೆಯಬೇಕು.

ಮಾವ ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದವರು ಈ ಕಡೆ ತಿರುಗಿದರು. "ಲವಂಗದೆಣ್ಣೆನಾ? ಅದು ಹಲ್ಲುನೋವಿಗೆ ಅಲ್ವಾ? ಸೇಬಿಗೂ ಹಲ್ಲು ಬಂದಿದೆಯಾ?"

ಮೇಡಂ ನಕ್ಕರು. ಹೋಗುವಾಗ ನನ್ನ ಕೈ ಹಿಡಿದು ಎರಡು ಸಲ ಹೇಳಿದರು: "ಕಡಿಮೆ ಹಾಕಿ. ಕಡಿಮೆ ಅನ್ನಿಸಿದರೂ ಅಷ್ಟೇ ಹಾಕಿ."

ಅಕ್ಟೋಬರ್ ೧೪

ಹಿಂದಿನ ಕೋಣೆ ತೊಳೆದು ಒಣಗಿಸಿ ಸೇಬು ತುಂಬಿದೆವು. ಒಂದೊಂದನ್ನೂ ಅತ್ತೆ ಕೂರುತ್ತಿದ್ದ ಬೆತ್ತದ ಮೋಡೆಯ ಮೇಲೆ ಕೂತು ನಾನೇ ಆರಿಸಿದೆ. ಅತ್ತೆ ತೀರಿಹೋದ ಮೇಲೆ ಆ ಮೋಡೆ ಖಾಲಿ ಇತ್ತು. ಕೂರಲೋ ಬೇಡವೋ ಎಂದು ಅನುಮಾನವಾಗಿ ಮಾವನನ್ನು ಕೇಳಿದೆ. "ಮೋಡೆ ಇರೋದೇ ಕೂರೋಕೆ" ಎಂದರು.

ಹಳೆಯ ಕಂಬಳಿ ಸೀಳಿ ಪಟ್ಟಿ ಮಾಡಿ, ಎಣ್ಣೆ ಸೀಸೆಯ ಮುಚ್ಚಳದಲ್ಲಿ ಅಳೆದು ನೆನೆಸಿ, ತಂತಿಗೆ ಸಾಲಾಗಿ ನೇತುಹಾಕಿದೆ. ಮೂಲೆಯಲ್ಲಿ ಚಿಕ್ಕ ಫ್ಯಾನು. ಬಾಗಿಲು ಹಾಕಿಕೊಂಡು ಬರುವಷ್ಟರಲ್ಲಿ ಕಣ್ಣಲ್ಲಿ ನೀರು. ಮಾವ ಮೂಗಿಗೆ ಕರ್ಚೀಫು ಹಿಡಿದು, "ದಂತವೈದ್ಯನ ಅಂಗಡಿ ಆಯ್ತು ನನ್ನ ಗೋದಾಮು" ಎಂದರು. ಆಮೇಲೆ ಎಂದಿನಂತೆ ತಾವೇ ಬೀಗ ಹಾಕಿ ಬೀಗದ ಕೈಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡರು. ಆ ಬೀಗದ ಕೈ ಅವರ ಬೆಲ್ಟಿನಿಂದ ಇಳಿದದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿಲ್ಲ.

ಅಕ್ಟೋಬರ್ ೨೯

ಇವತ್ತು ಬರೆಯಲು ಕೈ ತುರಿಸುತ್ತಿದೆ! ದೊಡ್ಡ ಕೋಣೆಯಲ್ಲಿ ಪೆಟ್ಟಿಗೆ ತೆರೆದರೆ ಅಲ್ಲೊಂದು ಇಲ್ಲೊಂದು ನೀಲಿ ಟೊಪ್ಪಿಗೆ ಶುರುವಾಗಿದೆ. ಹಿಂದಿನ ಕೋಣೆಯಲ್ಲಿ ಒಂದೇ ಒಂದೂ ಇಲ್ಲ. ಪೆಟ್ಟಿಗೆಗಳನ್ನೆಲ್ಲ ಬುಡಮೇಲು ಮಾಡಿ ನೋಡಿದೆ. ಮಾವನೂ ನೋಡಿದರು. ನಾನು ನೋಡಿದ ಪೆಟ್ಟಿಗೆಯನ್ನೇ ಮತ್ತೆ ನೋಡಿದರು.

ಹೊಗಳುತ್ತಾರೆಂದು ಕಾದೆ. "ಇನ್ನೂ ಚಳಿಗಾಲ ಬರಬೇಕು" ಎಂದು ಹೊರಟುಹೋದರು. ಮಧ್ಯಾಹ್ನ ನೋಡಿದರೆ ದೊಡ್ಡ ಕೋಣೆಯ ಅತ್ಯುತ್ತಮ ಸೇಬಿನ ಪೆಟ್ಟಿಗೆಯೊಂದು ಸದ್ದಿಲ್ಲದೆ ಹಿಂದಿನ ಕೋಣೆಗೆ ಬಂದು ಕೂತಿದೆ. ಅದಕ್ಕೆ ಕಾಲು ಬಂದಿರಲಾರದು.

ನವೆಂಬರ್ ೪

ಲವಂಗದ ವಾಸನೆ ಮೊದಲಿನಷ್ಟು ಬರುತ್ತಿಲ್ಲ. ಪಟ್ಟಿ ಒಣಗಿರಬೇಕು. ಇನ್ನೊಂದು ಮುಚ್ಚಳ ಹಾಕಿದೆ. ಮೇಡಂ ಕಡಿಮೆ ಹಾಕಿ ಎಂದದ್ದು ನೆನಪಿದೆ, ಆದರೆ ವಾಸನೆಯೇ ಇಲ್ಲವೆಂದರೆ ಎಣ್ಣೆಯೇ ಇಲ್ಲವೆಂದೇ ಅಲ್ಲವೇ. ಮಾವನಿಗೆ ಹೇಳಲಿಲ್ಲ. ಹೇಳಿದರೆ "ನಿನ್ನೆಣ್ಣೆ ಅಷ್ಟರಲ್ಲೇ ಸುಸ್ತಾಯ್ತಾ" ಅಂದಾರು.

ನವೆಂಬರ್ ೧೦

ಎಣ್ಣೆ ಅಂಗಡಿಯವನು ಕಳಪೆ ಮಾಲು ಕೊಟ್ಟಿದ್ದಾನೆ. ಹೋಗಿ ಬೈದು ಬಂದೆ. ಅವನು ಸೀಸೆ ಮೂಸಿ ತಲೆ ಹಿಂದಕ್ಕೆ ಎಳೆದುಕೊಂಡು, "ಅಕ್ಕಾ, ಇದಕ್ಕಿಂತ ಘಾಟು ಬೇಕಾ ನಿಮಗೆ?" ಎಂದ. ನಾಟಕದವನು. ಮತ್ತೆರಡು ಮುಚ್ಚಳ ಹಾಕಿದೆ.

ಸೀಸೆ ಬೇಗ ಬೇಗ ಖಾಲಿಯಾಗುತ್ತಿದೆ. ಮುಚ್ಚಳ ಸರಿಯಾಗಿ ಬಿಗಿಯುತ್ತಿಲ್ಲವೇನೋ.

ನವೆಂಬರ್ ೧೮

ಹಿಂದಿನ ಕೋಣೆಯ ಮೊದಲ ಪೆಟ್ಟಿಗೆಗಳು ಇವತ್ತು ಬೇಕರಿಗೆ ಹೋದವು. ಬೇಕರಿಯಕ್ಕ ನಮ್ಮ ಹಳೆಯ ಗಿರಾಕಿ. ಚಳಿಗಾಲವಿಡೀ ಸೇಬಿನ ಬನ್ನು ಮಾಡುತ್ತಾರೆ, ನಮ್ಮಲ್ಲಿ ಉಳಿದ ಹಣ್ಣಿನ ಬಹುಪಾಲು ಅವರಿಗೇ ಹೋಗುವುದು. ಅವರು ಒಪ್ಪಿದರೆ ಗೋದಾಮು ಉಳಿಯುತ್ತದೆ, ಬಿಟ್ಟರೆ ಟಯರು. ಅಷ್ಟು ಸರಳ.

ಕಳಿಸುವ ಮೊದಲು ಮಾವನೂ ನಾನೂ ಗೋದಾಮಿನಲ್ಲೇ ನಿಂತು ಒಂದು ಹಣ್ಣು ಕೊಯ್ದು ತಿಂದೆವು. ಮಾವ ಕಣ್ಣು ಮುಚ್ಚಿ ಅಗಿದರು. ಸೇಬಿನ ರುಚಿ ಹೇಳುವುದರಲ್ಲಿ ಅವರದು ಪಳಗಿದ ನಾಲಿಗೆ. ಯಾವ ತೋಟದ್ದು, ಯಾವ ವಾರ ಕೊಯ್ದದ್ದು ಎಂದು ಹೇಳಬಲ್ಲರು.

"ಜೇನು" ಎಂದರು.

ನನಗೂ ಜೇನೇ ಅನ್ನಿಸಿತು. ಇವತ್ತು ರಾತ್ರಿ ಒಳ್ಳೆ ನಿದ್ದೆ ಬರುತ್ತದೆ.

ನವೆಂಬರ್ ೨೧

ಎಂಥ ಎಡವಟ್ಟು! ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಬೇಕರಿಯಕ್ಕ ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಸೀದಾ ಗೋದಾಮಿಗೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೇಬಿನ ಬನ್ನು. ಮುಖ ಮಾತ್ರ ಕೆಂಡ.

"ತಿನ್ನಿ" ಎಂದರು.

ಮಾವ ಒಂದು, ನಾನು ಒಂದು ತಿಂದೆವು.

"ಹೇಗಿದೆ?"

"ಚೆನ್ನಾಗಿದೆ" ಎಂದರು ಮಾವ. "ಸ್ವಲ್ಪ ಸಕ್ಕರೆ ಕಡಿಮೆ ಮಾಡ್ಬಹುದು."

ಬೇಕರಿಯಕ್ಕ ಒಮ್ಮೆ ಮಾವನ ಮುಖ, ಒಮ್ಮೆ ನನ್ನ ಮುಖ ನೋಡಿದರು. ಹುಚ್ಚರ ಮನೆಗೆ ಬಂದೆನೇ ಎನ್ನುವ ಹಾಗೆ. "ಏನು, ತಮಾಷೆ ಮಾಡ್ತಿದ್ದೀರಾ? ನಿನ್ನೆ ಬನ್ನು ತಿಂದ ಒಬ್ಬರು ನಾಲಿಗೆ ಮರಗಟ್ಟಿದೆ ಅಂತ ವಾಪಸ್ ಬಂದ್ರು! ಇನ್ನೊಬ್ಬರು ಹಲ್ಲು ಕೀಳಿಸಿಕೊಂಡ ಹಾಗಿದೆ ಅಂದ್ರು! ನಾನು ಬೇಕರಿ ನಡೆಸ್ತಿದ್ದೀನಿ ಮಾವಯ್ಯಾ, ಔಷಧದ ಅಂಗಡಿ ಅಲ್ಲ. ನಿಮ್ಮ ಪೆಟ್ಟಿಗೆ ವಾಪಸ್ ಬರ್ತಾ ಇವೆ."

ನಮಗೆ ಒಂದೂ ಅರ್ಥವಾಗಲಿಲ್ಲ. ಅವರು ಹೋದ ಮೇಲೆ ಉಳಿದ ಬನ್ನನ್ನೂ ತಿಂದು ನೋಡಿದೆವು. ಚೆನ್ನಾಗಿಯೇ ಇತ್ತು. ಮಾವ, "ಅವಳಿಗೆ ಶೀತ ಆಗಿರ್ಬೇಕು" ಎಂದರು. ನಾನೂ ಹಾಗೇ ನಂಬಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಂಜೆ ನನ್ನ ಗಂಡ ಬಂದರು. ಲಾರಿ ನಿಲ್ಲಿಸಿ ಅಂಗಳಕ್ಕೆ ಕಾಲಿಟ್ಟವರು ಅಲ್ಲೇ ನಿಂತು ಕೇಳಿದ ಮೊದಲ ಮಾತು: "ಯಾರಿಗೆ ಹಲ್ಲುನೋವು?"

ಯಾರಿಗೂ ಇಲ್ಲ ಎಂದೆ. ಅವರು ಮನೆಯೊಳಗೆ ಬಂದು ಪರದೆ ಮೂಸಿದರು, ದಿಂಬು ಮೂಸಿದರು, ನನ್ನ ತಲೆಗೂದಲು ಮೂಸಿದರು. ಅಪ್ಪನ ಕೋಟು ಮೂಸಿ ಸೀನಿದರು. ಒಂದು ಸೇಬು ಕಚ್ಚಿ ಓಡಿಹೋಗಿ ಬಚ್ಚಲಲ್ಲಿ ಉಗಿದರು. ಆಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರುಮಾಡಿದರು.

"ಎಷ್ಟು ಎಣ್ಣೆ ಹಾಕ್ತಿದ್ದೀಯ?"

ವಾಸನೆ ಕಡಿಮೆಯಾಯಿತೆಂದು ಆಗಾಗ ಒಂದೊಂದು ಮುಚ್ಚಳ ಹೆಚ್ಚಿಗೆ ಹಾಕಿದೆ ಎಂದೆ. ಮಾವ ಮೆಲ್ಲನೆ ಕೆಮ್ಮಿದರು.

"ನಾನೂ ಹಾಕಿದೆ."

"ಏನು?"

"ವಾಸನೆ ಹೋಗ್ತಿತ್ತು. ಇವಳು ಹಾಕೋಕೆ ಮರೆತಿದ್ದಾಳೆ ಅಂದ್ಕೊಂಡೆ. ಹೇಳಿದ್ರೆ ಬೇಜಾರು ಮಾಡ್ಕೊತಾಳೆ ಅಂತ ನಾನೇ ಹಾಕಿದೆ. ದಿನಾ."

ಸೀಸೆ ಏಕೆ ಖಾಲಿಯಾಗುತ್ತಿತ್ತೆಂದು ಈಗ ಗೊತ್ತಾಯಿತು. ಇವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೆ ನಗು ಬರಲಿಲ್ಲ.

ನವೆಂಬರ್ ೨೨

ಪೆಟ್ಟಿಗೆಗಳು ವಾಪಸ್ ಬಂದವು. ಏನೂ ಬರೆಯಬೇಕೆನಿಸುತ್ತಿಲ್ಲ.

ನವೆಂಬರ್ ೨೪

ಮೇಡಂ ಬಂದರು. ಬಾಗಿಲಲ್ಲೇ ಕಣ್ಣೊರೆಸಿಕೊಂಡರು. ಬೈಯುತ್ತಾರೆಂದು ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಬೈಯಲಿಲ್ಲ. ಎಚ್ಚರಿಸಬೇಕಿತ್ತು, ತಪ್ಪು ತಮ್ಮದೂ ಇದೆ ಎಂದರು. ಒಂದೇ ವಾಸನೆಯಲ್ಲಿ ದಿನವೂ ಇದ್ದರೆ ಮೂಗು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲವಂತೆ. ಅವರ ಕೇಂದ್ರದಲ್ಲೂ ಎಣ್ಣೆ ಹಾಕುವವರು ರುಚಿ ನೋಡುವುದಿಲ್ಲ, ರುಚಿ ನೋಡುವವರು ಎಣ್ಣೆಯ ಹತ್ತಿರ ಸುಳಿಯುವುದಿಲ್ಲ. ಅಲ್ಲಿ ಅದು ಎಷ್ಟು ಮಾಮೂಲೆಂದರೆ ನಮಗೆ ಹೇಳಬೇಕೆಂದೇ ಅವರಿಗೆ ಹೊಳೆಯಲಿಲ್ಲ.

ಕೆಲವು ಹಣ್ಣುಗಳ ಸಿಪ್ಪೆಯ ಮೇಲೆ ಕಂದು ಚುಕ್ಕೆ ಬಿದ್ದಿದೆ, ಎಣ್ಣೆ ಸುಟ್ಟದ್ದು. ಅವನ್ನು ತೆಗೆದುಹಾಕಬೇಕು. ಉಳಿದವುಗಳನ್ನು ಗಾಳಿಗಿಟ್ಟರೆ ವಾಸನೆ ನಿಧಾನವಾಗಿ ಹೋದೀತು. ಬೂಷ್ಟು ಮಾತ್ರ ಒಂದರಲ್ಲೂ ಇಲ್ಲ! ಎಣ್ಣೆ ಕೆಲಸ ಮಾಡುತ್ತದೆ, ಕೆಟ್ಟದ್ದು ನಮ್ಮ ಮೂಗು.

"ಮನೆಯಲ್ಲಿ ಒಬ್ಬರ ಮೂಗು ಚೊಕ್ಕಟವಾಗಿರಬೇಕು" ಎಂದರು ಮೇಡಂ. "ಅವರು ಗೋದಾಮಿನೊಳಗೆ ಬರಲೇಬಾರದು. ಇಡೀ ಸೀಸನ್."

ನಾನು ನನ್ನ ಗಂಡನ ಮುಖ ನೋಡಿದೆ. ಇವರಿಗೆ ನಾಳೆ ಮತ್ತೆ ದೂರದ ಲೋಡು. ಹೊರಗಿನವರನ್ನು ದಿನಾ ಕರೆಯಲಾದೀತೇ. ಅಷ್ಟರಲ್ಲಿ ಮಾವ ಎದ್ದು ಹೊರಗೆ ಹೋದರು. ಕೋಪ ಮಾಡಿಕೊಂಡರೆಂದುಕೊಂಡೆ. ನೋಡಿದರೆ, ಅಂಗಳ ದಾಟಿ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ.

"ಇಲ್ಲಿಗೆ ವಾಸನೆ ಬರಲ್ಲ ಅಲ್ವಾ ಮೇಡಂ?" ಎಂದು ಅಲ್ಲಿಂದಲೇ ಕೂಗಿದರು.

ಆ ಮನುಷ್ಯ ಜ್ವರ ಬಂದ ದಿನವೂ ಗೋದಾಮಿಗೆ ಹೋಗುವುದನ್ನು ಬಿಟ್ಟವರಲ್ಲ. ಇವರು ಕಣ್ಣೊರೆಸಿಕೊಂಡು, ಕೆಮ್ಮಿ ಮರೆಸಿದರು. ನಾನು ಮರೆಸಲಿಲ್ಲ, ಅತ್ತುಬಿಟ್ಟೆ.

ನವೆಂಬರ್ ೨೯

ಹೊಸ ಕ್ರಮ ಶುರುವಾಗಿದೆ. ಬೆಳಿಗ್ಗೆ ಮಾವ ಬೆಲ್ಟಿನಿಂದ ಬೀಗದ ಕೈ ಬಿಚ್ಚಿ ನನಗೆ ಕೊಡುತ್ತಾರೆ, ಸಂಜೆ ಕೈ ಚಾಚಿ ವಾಪಸ್ ತೆಗೆದುಕೊಳ್ಳುತ್ತಾರೆ. ಕೊಡುವಾಗ ಒಂದು ಉಪದೇಶ, ತೆಗೆದುಕೊಳ್ಳುವಾಗ ಒಂದು ವಿಚಾರಣೆ. ಹಗಲೆಲ್ಲ ಬೆಂಚಿನಿಂದ ಕೂಗು. "ಫ್ಯಾನು ಹಾಕಿದ್ಯಾ?" "ಎಡಗಡೆ ಸಾಲು ನೋಡಿದ್ಯಾ?" "ಏನದು ಸದ್ದು?" ಎಂದು ಒಂದೇ ಸಮ.

ಅವರ ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿದೆ. ನಾನು ಗೋದಾಮಿನ ಕೋಟನ್ನು ಹೊರಗೇ ಬಿಚ್ಚಿಟ್ಟು, ತಲೆಸ್ನಾನ ಮಾಡಿಯೇ ಮನೆಯೊಳಗೆ ಬರುತ್ತೇನೆ. ಆದರೂ ಊಟಕ್ಕೆ ಕೂತರೆ ಮಾವ ಮೇಜಿನ ಆ ತುದಿಗೆ ಕುರ್ಚಿ ಎಳೆದುಕೊಳ್ಳುತ್ತಾರೆ. "ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ. ಮೂಗಿನ ಕೆಲಸ" ಎನ್ನುತ್ತಾರೆ.

ಮಧ್ಯಾಹ್ನ ಸೇಬಿನ ಹೋಳುಗಳನ್ನು ತಟ್ಟೆಯಲ್ಲಿಟ್ಟು ಬೆಂಚಿಗೆ ಒಯ್ಯುತ್ತೇನೆ. ಮೊದಲ ದಿನ ಬಾಯಿಗಿಟ್ಟು ಹೌಹಾರಿದರು. "ಇದನ್ನ ನಾನು ಜೇನು ಅಂದಿದ್ನಾ?" ಇವತ್ತು: "ಲವಂಗ ಇದೆ. ಮೊನ್ನೆಗಿಂತ ವಾಸಿ."

ಡಿಸೆಂಬರ್ ೭

ಮಧ್ಯಾಹ್ನ ಮಾವ ಹೋಳು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ತೆಗೆದುಕೊಂಡರು. ನಾನು ತಟ್ಟೆ ಹಿಡಿದು ನಿಂತಿದ್ದೆ.

"ಬರೀ ಸೇಬು" ಎಂದರು.

ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಇಬ್ಬರೂ ಒಂದು ಪೆಟ್ಟಿಗೆ ಹೊತ್ತು ಬೇಕರಿಗೆ ಹೋದೆವು. ಬೇಕರಿಯಕ್ಕ ಮೊದಲು ಪೆಟ್ಟಿಗೆ ಮೂಸಿದರು, ಆಮೇಲೆ ಹಣ್ಣು, ಆಮೇಲೆ ನನ್ನನ್ನು. ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿ ಹಣ್ಣನ್ನಷ್ಟೇ ಒಳಗೆ ಬಿಟ್ಟುಕೊಂಡರು. ಮಾವ ಒಳಗೆ ಕೂತು ಬಿಸಿ ಬನ್ನು ತಿನ್ನುವುದು ಗಾಜಿನಾಚೆಯಿಂದ ಕಾಣುತ್ತಿತ್ತು. ಚಳಿಯಲ್ಲಿ ನಿಂತ ನನಗೆ ಒಂದು ತುಂಡನ್ನೂ ತರಲಿಲ್ಲ.

"ರುಚಿ ಹೇಗಿತ್ತು?" ಎಂದೆ, ಸಿಟ್ಟಿನಿಂದ.

"ಸಕ್ಕರೆ ಜಾಸ್ತಿ" ಎಂದರು. ಮೀಸೆಯ ಮೇಲೆ ಇನ್ನೂ ಸಕ್ಕರೆ ಇತ್ತು. ವಾರಕ್ಕೆರಡು ಸಲ ಹಣ್ಣು ಕಳಿಸಲು ಬೇಕರಿಯಕ್ಕ ಹೇಳಿದ್ದಾರೆ, ಮಾವ ರುಚಿ ನೋಡಿದ ಮೇಲೆ ಮಾತ್ರ.

ಡಿಸೆಂಬರ್ ೧೮

ತುಂಬ ಕೆಲಸ. ದೊಡ್ಡ ಕೋಣೆಯಲ್ಲಿ ಬೂಷ್ಟು ಹೆಚ್ಚುತ್ತಿತ್ತು, ನೋಡಿಕೊಂಡು ಕೂರಲಾಗಲಿಲ್ಲ. ಹಣ್ಣೆಲ್ಲ ಹೊರಗೆ ತೆಗೆಸಿ, ಆರಿಸಿ, ಕೋಣೆ ತೊಳೆಸಿ ಅಲ್ಲೂ ಪಟ್ಟಿ ಕಟ್ಟಿದೆ. ಈ ಸಲ ಲವಂಗದ ಜೊತೆ ಒಂದಿಷ್ಟು ನಿಂಬೆಹುಲ್ಲಿನ ಎಣ್ಣೆ. ಬಿಳಿ ಪುಡಿಯ ಹಳೆಯ ತೊಟ್ಟಿ ದಾರಿಗೆ ಅಡ್ಡವಾಗುತ್ತಿತ್ತು, ಹೊರಗೆ ಹಾಕಿಸಿದೆ. ಹಮಾಲಿ ಪೆಟ್ಟಿಗೆಯನ್ನು ದೊಪ್ಪೆಂದು ಇಳಿಸಿದ. "ನಿಧಾನ! ಹಣ್ಣಿಗೆ ಪೆಟ್ಟು ಬಿದ್ದರೆ ಎಣ್ಣೆ ಏನು ಮಾಡುತ್ತೆ? ಮೊಟ್ಟೆ ಅಂದ್ಕೊಂಡು ಇಳಿಸು" ಎಂದೆ. ನನ್ನ ಗಂಟಲು ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಮಾವ ಯಾಕೋ ನಗುತ್ತಿದ್ದರು.

ಮಲಗುವ ಹೊತ್ತಿಗೆ ನೆನಪಾಯಿತು, ದೊಡ್ಡ ಕೋಣೆ ಮುಟ್ಟಬೇಡ ಎಂದಿದ್ದರಲ್ಲವೇ! ಕೇಳುವುದೇ ಮರೆತುಹೋಯಿತು. ಅವರೂ ಮರೆತಿರಬೇಕು, ಏನೂ ಅನ್ನಲಿಲ್ಲ. ಸಂಜೆ ಬೀಗದ ಕೈ ಇಸಿದುಕೊಳ್ಳುವುದನ್ನೂ ಮರೆತರು. ನನ್ನ ಕೋಟಿನ ಜೇಬಿನಲ್ಲೇ ಉಳಿದಿದೆ. ನಾಳೆ ಕೊಡಬೇಕು.

ಜನವರಿ ೯

ಇದೇ ಡೈರಿಯ ಖಾಲಿ ಉಳಿದ ಜನವರಿ ಪುಟಗಳಲ್ಲಿ ಬರೆಯುತ್ತಿದ್ದೇನೆ. ಮೂರು ದಿನದಿಂದ ಮೋಡ, ಥಂಡಿ, ಗೋಡೆಗಳೆಲ್ಲ ಬೆವರುತ್ತಿವೆ. ದೊಡ್ಡ ಕೋಣೆಯ ನಡುವಿನ ಸಾಲಿನಲ್ಲಿ ಒಂದು ಪೆಟ್ಟಿಗೆ ಕೊಳೆತದ್ದು ಸಿಕ್ಕಿತು. ಕೈ ತಾನಾಗಿಯೇ ಕೆಲಸಕ್ಕೆ ಹತ್ತಿತು. ಅದನ್ನೂ ಸುತ್ತಲಿನವನ್ನೂ ಹೊರಗೆ ಹಾಕಿಸಿದೆ, ಸಾಲುಗಳ ನಡುವೆ ಜಾಗ ಬಿಡಿಸಿದೆ, ಇನ್ನೊಂದು ಫ್ಯಾನು ತರಿಸಿದೆ. ಸಣ್ಣ ಪೆಟ್ಟು ಬಿದ್ದವನ್ನೆಲ್ಲ ಬೇಕರಿಯಕ್ಕನಿಗೆ ಜಾಮಿಗೆಂದು ಕೊಟ್ಟೆ. ಎಣ್ಣೆ ಹೆಚ್ಚು ಹಾಕೋಣವೆಂದು ಕೈ ಹಟ ಮಾಡಿತು. ಹಾಕಲಿಲ್ಲ.

ಗಲಾಟೆ ಕೇಳಿ ಮಾವ ಬೆಂಚು ಬಿಟ್ಟು ಓಡಿಬಂದರು. ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ, "ಒಳಗೆ ಬರ್ಬೇಡಿ!" ಎಂದು ಕಿರುಚಿದೆ. ಅವರು ಕಾಲು ಹಾಗೇ ಹಿಂದಕ್ಕೆಳೆದುಕೊಂಡರು. "ಇಲ್ಲ, ಇಲ್ಲ. ಬರಲಿಲ್ಲ" ಎಂದು ಹೋಗಿ ಕೂತರು.

ಆಮೇಲೆ ಹೊಳೆಯಿತು. ಮಾವನ ಮೇಲೆ ಕಿರುಚಿದೆನಲ್ಲ! ಹೋಗಿ ಕ್ಷಮೆ ಕೇಳಿದರೆ, "ಯಾಕೆ? ಸರಿಯಾಗೇ ಹೇಳಿದೆ" ಎಂದು ತಟ್ಟೆಗೆ ಕೈಚಾಚಿದರು.

ಜನವರಿ ೧೫

ಬಿಸಿಲು ಬಂತು. ಬೂಷ್ಟು ಹರಡಿಲ್ಲ. ದಿನವಿಡೀ ಸುಮ್ಮಸುಮ್ಮನೆ ಖುಷಿ.

ಫೆಬ್ರವರಿ ೩

ಇವರು ಬಂದಿದ್ದಾರೆ. ಬಂದವರೇ ನನ್ನನ್ನು ಗೇಲಿ ಮಾಡುವುದೇ ಕೆಲಸ. ಗೋದಾಮಿನ ಬಾಗಿಲಲ್ಲಿ ನಿಂತು ನಾನು ಹಮಾಲಿಯ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು, "ಥೇಟ್ ಅಪ್ಪನ ಥರಾನೇ ಮಾತಾಡ್ತೀಯ" ಎಂದರು. ನಾನೆಲ್ಲಿ, ಮಾವ ಎಲ್ಲಿ. ಅವರ ಮೂಗಿನ ತುದಿಯಲ್ಲೇ ಕೋಪ, ನಾನು ಪಾಪದವಳು. ಹಾಗಂದೆ. ಇವರು ಹಮಾಲಿಯ ಮುಖ ನೋಡಿದರು, ಹಮಾಲಿ ನೆಲ ನೋಡಿದ.

"ಮೂಸಿ ನೋಡಿ, ವಾಸನೆ ಎಷ್ಟಿದೆ?" ಎಂದೆ.

"ಹತ್ತಿರ ಬಂದರೆ ಸ್ವಲ್ಪ" ಎಂದರು ಇವರು, ಹತ್ತಿರ ಬಂದು. "ನನಗೂ ಅಭ್ಯಾಸ ಆಗಿಬಿಡುತ್ತೇನೋ." ಹಗಲುಹೊತ್ತಿನಲ್ಲಿ, ಹಮಾಲಿಯ ಎದುರಿಗೆ! ನಾಚಿಕೆಯಿಲ್ಲದವರು.

ಬೂಷ್ಟು ಮೇಡಂ ಫೋನ್ ಮಾಡಿದ್ದರು. ಪಕ್ಕದ ಗೋದಾಮಿನವರು ಎಣ್ಣೆಯ ವಿಷಯ ವಿಚಾರಿಸಿದರಂತೆ. ಮೇಡಂ "ನಮ್ಮ ಗೋದಾಮಿನವರನ್ನ ಕೇಳಿ" ಎಂದು ನನ್ನ ನಂಬರು ಕೊಟ್ಟಿದ್ದಾರೆ. ಬರಲಿ, ಹೇಳಿಕೊಡೋಣ. ಮೊದಲು ಒಂದು ಚೊಕ್ಕಟ ಮೂಗು ಹುಡುಕಿಕೊಳ್ಳಿ ಎನ್ನಬೇಕು.

ಫೆಬ್ರವರಿ ೨೬

ನನ್ನ ಗೋದಾಮಿನಲ್ಲಿ ಇನ್ನು ಉಳಿದಿರುವುದು ಹಿಂದಿನ ಗೋಡೆಯ ಒಂದು ಸಾಲು ಪೆಟ್ಟಿಗೆ. ಅವೂ ಈ ವಾರ ಬೇಕರಿಗೆ ಹೋಗುತ್ತವೆ. ಕೊಳೆತು ಎಸೆದದ್ದು ಈ ಸಲ ಕೈಗಾಡಿಯೊಂದನ್ನೂ ತುಂಬಿಲ್ಲ. ಹೋದ ವರ್ಷ ಲಾರಿ ಬೇಕಾಗಿತ್ತು.

ಮಧ್ಯಾಹ್ನ ಟಯರ್ ಸಾಹುಕಾರರು ಬಂದರು. ಒಂದು ಕೈಯಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ಈ ವರ್ಷದ ಹೊಸ ಡೈರಿ. ನಾನು ಬಾಗಿಲಲ್ಲಿ ನಿಂತು ಪಟ್ಟಿ ಬದಲಿಸುತ್ತಿದ್ದೆ. ಕೈಗಳು ಹಾಗೇ ನಿಂತವು. ಮಾರ್ಚಿ ಬಂದೇಬಿಟ್ಟಿತಲ್ಲ. ಇಷ್ಟು ದಿನ ಮಾವನ ಬಾಯಿಂದ ಟಯರಿನ ಮಾತೇ ಬಂದಿರಲಿಲ್ಲ, ಕೇಳಲು ನನಗೂ ಧೈರ್ಯವಿರಲಿಲ್ಲ. ಹಣ್ಣು ಕೊಳೆತರೆ ಮಾತ್ರ ಎಂದು ಮಾತಾಗಿದ್ದರೂ, ಅವರ ಮನಸ್ಸಿನಲ್ಲೇನಿದೆಯೋ.

ಮಾವ ಬೆಂಚಿನ ಮೇಲೆ ತಟ್ಟೆ ಹಿಡಿದು ಕೂತಿದ್ದರು. ಸಾಹುಕಾರರು ಪಕ್ಕದಲ್ಲಿ ಕೂತು ಕುಶಲ ಕೇಳಿದರು, ಚಳಿ ಹೋಯಿತೆಂದರು, ಆಮೇಲೆ ವಿಷಯಕ್ಕೆ ಬಂದರು.

"ಏನ್ಮಾಡೋಣ ಯಜಮಾನ್ರೇ? ಬೀಗದ ಕೈ ಯಾವಾಗ ಕೊಡ್ತೀರಾ?"

ಮಾವ ಹೋಳು ಅಗಿದು ಮುಗಿಸಿದರು.

"ನನ್ನನ್ನೇನು ಕೇಳ್ತೀರಾ? ನನ್ನ ಹತ್ತಿರ ಬೀಗದ ಕೈ ಎಲ್ಲಿದೆ? ನಾನಿಲ್ಲಿ ರುಚಿ ನೋಡೋ ಕೆಲಸದವನು. ಗೋದಾಮಿನ ಮಾಲೀಕರು ಅಲ್ಲಿದ್ದಾರೆ, ಅವರನ್ನ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದರು.

ನನ್ನ ಗಂಡ ಬಂದರೇನೋ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಸೇಬಿನ ಪೆಟ್ಟಿಗೆಗಳಿದ್ದವು. ಮತ್ತೆ ಈ ಕಡೆ ತಿರುಗಿದರೆ ಸಾಹುಕಾರರು ಟೇಪು ಹಿಡಿದು ನನ್ನ ಎದುರಿಗೇ ಬಂದು ನಿಂತಿದ್ದಾರೆ.

"ಅದು ನಿಮ್ಮ ಹತ್ತಿರ ಇದೆಯೇನಮ್ಮಾ?"

ಕೋಟಿನ ಜೇಬು ಮುಟ್ಟಿ ನೋಡಿಕೊಂಡೆ. ಇತ್ತು. ನಾಳೆ ಕೊಡಬೇಕು, ನಾಳೆ ಕೊಡಬೇಕು ಎಂದುಕೊಳ್ಳುತ್ತಲೇ ಇಷ್ಟು ದಿನ ಅಲ್ಲೇ ಉಳಿದಿತ್ತು.

"ಇದೆ" ಎಂದೆ. "ಕೊಡಲ್ಲ ಸಾಹುಕಾರ್ರೇ. ಅಕ್ಟೋಬರಿಗೆ ಹೊಸ ಹಣ್ಣು ಬರುತ್ತೆ, ನನಗೆ ಎರಡೂ ಕೋಣೆ ಬೇಕು."

ಅವರು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಡೈರಿಯನ್ನು ಯಾರಿಗೆ ಕೊಡುವುದೆಂದು ಒಂದು ಕ್ಷಣ ಯೋಚಿಸಿ ನನ್ನ ಕೈಗೇ ಕೊಟ್ಟರು. ಸೇಬಿನ ಒಂದು ಪೊಟ್ಟಣ ಕಟ್ಟಿಕೊಟ್ಟೆ. ಮೂಸಿ ನೋಡಿ, ಏನೂ ವಾಸನೆಯಿಲ್ಲವೆಂದು ತಲೆದೂಗಿ ಹೋದರು.

ಆಮೇಲೆ ನಾನು ಬೆಂಚಿನ ಹತ್ತಿರ ಹೋದೆ. ಕೋಟು ತೊಟ್ಟಿದ್ದರಿಂದ ತುಸು ದೂರದಲ್ಲೇ ನಿಂತೆ.

"ಮಾವ, ಮಾಲೀಕರು ಅಂದ್ರಲ್ಲ. ಯಾವಾಗಿಂದ?"

ಮಾವ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿದರು.

"ನಿನಗೆ ಹೇಗೆ ಗೊತ್ತಾಗುತ್ತಮ್ಮ, ನೀನು ಒಳಗೇ ಇದ್ದೆ. ಹೊರಗೆ ಕೂತಿದ್ದ ನನಗೆ ಯಾವತ್ತೋ ಗೊತ್ತಾಯ್ತು. ಹೋಗು, ಇನ್ನೊಂದೆರಡು ಹೋಳು ತಗೊಂಡು ಬಾ."